ಕಾಣದ ಹೊಲಿಗೆಯ ಎಪ್ಪತ್ತು ವರ್ಷ

ಬೆಂಗಳೂರಿನ ಜಾಲಹಳ್ಳಿಯ ಕಥೆ ಹೇಳಲು ಕುಳಿತವರು ಸಾಮಾನ್ಯವಾಗಿ ಯಂತ್ರಗಳಿಂದಲೇ ಶುರುಮಾಡುತ್ತಾರೆ. ಎರಡನೇ ಮಹಾಯುದ್ಧದ ಕಾಲದ ಸೈನಿಕ ಬ್ಯಾರಕ್‌ಗಳು, ಇಟಲಿಯ ಯುದ್ಧಕೈದಿಗಳ ಶಿಬಿರ ಇವೆಲ್ಲ ಎರಡು ಸಾಲಿನಲ್ಲಿ ಬಂದುಹೋಗುತ್ತವೆ. ಆಮೇಲೆ 1953ರ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರ ಭಾರತ್ ಎಲೆಕ್ಟ್ರಾನಿಕ್ಸ್, 1961ರ ಎಚ್‌ಎಂಟಿ ಗಡಿಯಾರ ಕಾರ್ಖಾನೆ, ಅದರ ಬೆನ್ನಿಗೆ ಪೀಣ್ಯದ ಕೈಗಾರಿಕಾ ಪ್ರದೇಶ. ಸ್ವಿಟ್ಜರ್ಲೆಂಡಿನ ಲೇತು, ಫ್ರಾನ್ಸಿನ ರೇಡಿಯೊ ತಂತ್ರಜ್ಞಾನ, ಜಪಾನಿನ ಕೈಗಡಿಯಾರ ಎಲ್ಲವೂ ಬಂದಿಳಿದ ಊರು ಇದು. ಈ ಪಟ್ಟಿಗೆ ಎಂದೂ ಸೇರದ ಯಂತ್ರವೊಂದಿದೆ. ಕಾಲೊನಿಯ ಕ್ವಾರ್ಟರ್ಸಿನಲ್ಲಿ, ವಠಾರದ ನಡುಮನೆಯಲ್ಲಿ, ಬೆಳಕು ಬೀಳುವ ಕಿಟಕಿಯ ಪಕ್ಕ ಅದು ಇತ್ತು, ಈಗಲೂ ಇದೆ. ಹೊಲಿಗೆ ಮಿಷನ್ನಿನ ಸದ್ದು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೂ ಆ ಯಂತ್ರ ಈ ಊರಿಗೆ ಏನು ಕೊಟ್ಟಿತು, ಅದರ ಮುಂದೆ ಕುಳಿತವರಿಗೆ ಊರು ಏನು ಕೊಟ್ಟಿತು ಎಂದು ಎಪ್ಪತ್ತು ವರ್ಷಗಳಲ್ಲಿ ಯಾರೂ ಲೆಕ್ಕ ಕೇಳಿದ ಹಾಗಿಲ್ಲ.

ಈ ಲೆಕ್ಕಕ್ಕೆ ನಮ್ಮನ್ನು ಹಚ್ಚಿದವನು ಪ್ಯಾರಿಸಿನ ಚಿತ್ರಕಾರ ಎದುವಾರ್ ವ್ಯುಯಾರ್. 1868ರಲ್ಲಿ ಹುಟ್ಟಿ 1940ರಲ್ಲಿ ತೀರಿಕೊಂಡವನು. ತಂದೆ ಸೈನ್ಯದಿಂದ ನಿವೃತ್ತರಾದವರು. ಮಗ ಹದಿಹರೆಯದಲ್ಲಿದ್ದಾಗಲೇ ಕಣ್ಮುಚ್ಚಿದರು. ಸಂಸಾರ ನಡೆದದ್ದು ತಾಯಿ ಮರಿ ವ್ಯುಯಾರ್ ಅವರ ಹೊಲಿಗೆಯಿಂದ. ಬಾಡಿಗೆ ಮನೆಯಲ್ಲೇ ಹೆಂಗಸರ ಒಳಕವಚ, ಉಡುಪು ಹೊಲಿಯುವ ಸಣ್ಣ ಕಾರ್ಯಾಗಾರ ಇಟ್ಟುಕೊಂಡು, ಕೆಲಸಕ್ಕೆ ಒಂದಿಬ್ಬರು ಹೆಣ್ಣುಮಕ್ಕಳನ್ನು ಇರಿಸಿಕೊಂಡು ಆಕೆ ಮನೆ ನಡೆಸಿದರು. ಪಾಲ್ ಗೋಗ್ಯಾನನ ದಾರಿ ಹಿಡಿದ, ತಮ್ಮನ್ನು ‘ನಬಿ’ಗಳೆಂದು ಕರೆದುಕೊಂಡ ತರುಣರ ಗುಂಪಿಗೆ ಮಗ ಸೇರಿದ. ಇಂಪ್ರೆಶನಿಸ್ಟರ ನಂತರದ ಚಿತ್ರಕಾರರಲ್ಲಿ ಒಬ್ಬ ತಹಿತಿ ದ್ವೀಪಕ್ಕೆ ಹೋದ, ಒಬ್ಬ ಬಿಸಿಲಿನ ಹೊಲಗಳಿಗೆ ಹೋದ, ಇನ್ನೊಬ್ಬ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆದ. ವ್ಯುಯಾರ್ ಮನೆ ಬಿಟ್ಟು ಹೊರಡಲಿಲ್ಲ. 1928ರಲ್ಲಿ ತಾಯಿ ತೀರಿಕೊಳ್ಳುವವರೆಗೂ, ಅಂದರೆ ತನಗೆ ಅರವತ್ತಾಗುವವರೆಗೂ, ಅವರ ಜೊತೆಯಲ್ಲೇ ಇದ್ದ. ಅವರನ್ನು ನೂರಾರು ಸಲ ಬರೆದ.

1890ರ ದಶಕದ ಆರಂಭದಲ್ಲಿ ಅವನು ಬರೆದ ಹೊಲಿಗೆಯ ಕೋಣೆಯ ಚಿತ್ರಗಳು ಗಾತ್ರದಲ್ಲಿ ಚಿಕ್ಕವು, ಅನೇಕವು ರಟ್ಟಿನ ಮೇಲಿನವು. ಮೇಜಿನ ಮೇಲೆ ದೀಪ, ಅದರ ಸುತ್ತ ತಲೆ ಬಗ್ಗಿಸಿ ಕುಳಿತ ಹೆಂಗಸರು, ಮಡಿಲಲ್ಲಿ ಬಟ್ಟೆಯ ರಾಶಿ. ನೋಡುವವರಿಗೆ ಮೊದಲು ಕಾಣುವುದು ಗೋಡೆಗೆ ಅಂಟಿಸಿದ ಹೂಬಳ್ಳಿಯ ಕಾಗದ, ಪರದೆಯ ಚುಕ್ಕಿ, ಉಡುಪಿನ ಗೆರೆ. ಮನುಷ್ಯರು ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ 1893ರ ಚಿತ್ರದಲ್ಲಿ ತಾಯಿ ಕಪ್ಪು ಉಡುಪಿನಲ್ಲಿ, ಮಂಡಿಯ ಮೇಲೆ ಕೈಯೂರಿ, ಮನೆಯ ಯಜಮಾನಿ ತಾನೇ ಎಂಬ ಗತ್ತಿನಲ್ಲಿ ನಡುವೆ ಕುಳಿತಿದ್ದಾರೆ. ಅಕ್ಕ ಮಾತ್ರ ಗೋಡೆಗೆ ಒತ್ತಿಕೊಂಡು ಬಾಗಿದ್ದಾಳೆ. ಅವಳ ಚೌಕುಳಿ ಉಡುಪು ಗೋಡೆಯ ಚಿತ್ತಾರದೊಳಗೇ ಕರಗುತ್ತಿದೆ. ಈ ಕಣ್ಕಟ್ಟನ್ನು ಕಲೆಯ ಕೌಶಲವೆಂದು ವಿಮರ್ಶಕರು ಹೊಗಳಿದ್ದಾರೆ, ಅದು ಸರಿಯೇ. ಜಾಲಹಳ್ಳಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಸತ್ಯವೂ ಇದೆ. ಮನೆಯಲ್ಲಿ ಕುಳಿತು ದುಡಿಯುವವಳು ನೋಡುವವರ ಕಣ್ಣಿಗೆ ದುಡಿಯುವವಳಾಗಿ ಕಾಣುವುದಿಲ್ಲ, ಮನೆಯ ಒಂದು ಭಾಗವಾಗಿ ಕಾಣುತ್ತಾಳೆ.

ಐವತ್ತು, ಅರವತ್ತರ ದಶಕದ ಕಾಲೊನಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತವರಿನವರು ಮದುವೆಯಲ್ಲಿ ಕೊಟ್ಟದ್ದೋ, ಗಂಡನ ಬೋನಸ್ಸಿನಲ್ಲಿ ಕಂತಿನ ಮೇಲೆ ತಂದದ್ದೋ, ಅಂತೂ ಒಂದು ಉಷಾ ಅಥವಾ ಸಿಂಗರ್ ಮನೆಗೆ ಬರುತ್ತಿತ್ತು. ಹಗಲೆಲ್ಲ ತುಳಿದ ಮಿಷನ್ನಿನ ಮೇಲೆ ಸಂಜೆ ಮುಚ್ಚಳ ಹಾಕಿ, ಕ್ರಾಸ್ ಸ್ಟಿಚ್ಚಿನ ಹೊದಿಕೆ ಹರಡಿ, ಮೇಲೆ ರೇಡಿಯೊ ಇಟ್ಟರೆ ಮುಗಿಯಿತು. ಗಂಡ ಪಾಳಿ ಮುಗಿಸಿ ಬರುವ ಹೊತ್ತಿಗೆ ಅದು ಕೆಲಸದ ಜಾಗವೇ ಅಲ್ಲ, ನಡುಮನೆಯ ಮೇಜು. ಜೂನ್ ಬಂದರೆ ಓಣಿಯ ಮಕ್ಕಳ ಯೂನಿಫಾರಂ, ಶ್ರಾವಣ ಬಂದರೆ ಬ್ಲೌಸುಗಳು, ದೀಪಾವಳಿಗೆ ಲಂಗ ಮತ್ತು ಫ್ರಾಕು. ಆ ದುಡ್ಡು ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ಅದರಿಂದ ಮಗಳ ಕಾಲೇಜು ಫೀಜು ಕಟ್ಟಿದ್ದಿರಬಹುದು, ಸೈಟಿನ ಕೊನೆಯ ಕಂತು ತೀರಿಸಿದ್ದಿರಬಹುದು. ಮನೆಯವರ ಬಾಯಲ್ಲಿ ಮಾತ್ರ ಅದು ಅಮ್ಮನ ಕೈಖರ್ಚು. ಯಂತ್ರನಾಗರಿಕತೆಯನ್ನು ಸಂಶಯದಿಂದಲೇ ಕಂಡ ಗಾಂಧೀಜಿ 1924ರಲ್ಲಿ ಸಿಂಗರ್ ಯಂತ್ರವೊಂದನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದ ಸಿಂಗರನ ಪ್ರೀತಿ ಅದರ ಹಿಂದಿದೆ ಎಂಬುದು ಅವರ ನಂಬಿಕೆ. ಪ್ರೀತಿ ಇದ್ದೀತು. ಆ ಪ್ರೀತಿಗೆ ಕೂಲಿಯ ಲೆಕ್ಕ ಇರಲಿಲ್ಲ ಅಷ್ಟೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ಕಾರ್ಖಾನೆ ಆರಂಭವಾಗಿ, ಮೊದಲ ಕೈಗಡಿಯಾರಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದಾಗ, ಅದೇ ನಡುಮನೆಗಳ ಹೆಣ್ಣುಮಕ್ಕಳಿಗೆ ಬೇರೊಂದು ಬಾಗಿಲು ತೆರೆಯಿತು. ಸೂಜಿಗೆ ದಾರ ಪೋಣಿಸುವ ಬೆರಳು ಕೂದಲೆಳೆಯಷ್ಟು ಸ್ಪ್ರಿಂಗನ್ನೂ ಕೂರಿಸಬಲ್ಲದು ಎಂಬುದನ್ನು ಕಾರ್ಖಾನೆ ಕಂಡುಕೊಂಡಿತು. ಜೋಡಣೆಯ ಮೇಜುಗಳಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಲಾಗಿ ಕುಳಿತ ಹೆಂಗಸರ ಫೋಟೊಗಳು ಆ ಕಾಲದ ಹೆಮ್ಮೆಯ ದಾಖಲೆಗಳು. ಅಲ್ಲಿ ಕೈಖರ್ಚಿನ ಮಾತಿರಲಿಲ್ಲ. ಹಾಜರಿ ಪುಸ್ತಕವಿತ್ತು, ಸಂಬಳದ ಚೀಟಿಯಿತ್ತು, ಭವಿಷ್ಯನಿಧಿ, ಹೆರಿಗೆ ರಜೆ, ನಿವೃತ್ತಿಯ ದಿನಾಂಕ ಇದ್ದವು. ಸಾರ್ವಜನಿಕ ವಲಯ ಈ ಊರಿಗೆ ಕೊಟ್ಟ ದೊಡ್ಡ ಭರವಸೆ ಇದೇ: ಹೆಣ್ಣಿನ ಕೈಯ ನಾಜೂಕಿಗೆ ಬೆಲೆಯಿದೆ, ಆ ಬೆಲೆಯನ್ನು ಕಾಗದದ ಮೇಲೆ ಬರೆದುಕೊಡುತ್ತೇವೆ. ಮಾತು ಸಿಕ್ಕಿದ್ದು ಕೆಲವೇ ಮನೆಗಳಿಗಾದರೂ ಅದು ಸುಳ್ಳಾಗಿರಲಿಲ್ಲ. ಆ ಸಂಬಳದಲ್ಲಿ ಓದಿದ ಮಕ್ಕಳು ಇಂದು ಲೋಕದ ನಾನಾ ಕಡೆ ಇದ್ದಾರೆ.

ಎಂಬತ್ತರ ದಶಕದಿಂದಾಚೆಗೆ ಹೊಲಿಗೆಯೇ ಮನೆ ಬಿಟ್ಟು ಹೊರಟಿತು. ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ, ದಾಸರಹಳ್ಳಿಯ ಸುತ್ತ ಸಿದ್ಧ ಉಡುಪಿನ ಕಾರ್ಖಾನೆಗಳು ಎದ್ದವು. ‘ಗಾರ್ಮೆಂಟ್ಸ್‌ಗೆ ಹೋಗ್ತೀನಿ’ ಎಂಬುದು ತುಮಕೂರು ರಸ್ತೆಯ ಎರಡೂ ಬದಿಯ ಬಡಾವಣೆಗಳಲ್ಲಿ ಒಂದು ತಲೆಮಾರಿನ ಹೆಣ್ಣುಮಕ್ಕಳ ದಿನಚರಿಯಾಯಿತು. ಮಳೆ ಕೈಕೊಟ್ಟ ಊರುಗಳಿಂದ, ಕುಣಿಗಲ್ಲಿನಿಂದ, ಮಧುಗಿರಿಯಿಂದ, ಪಾವಗಡದಿಂದ ಬಂದವರು ಶೀಟು ಹಾಕಿದ ಒಂದು ಕೋಣೆಯ ಮನೆ ಹಿಡಿದರು. ಜವಳಿ ವ್ಯಾಪಾರಕ್ಕೆ ದೇಶದೇಶಕ್ಕೆ ಇಷ್ಟೆಂದು ಮಿತಿ ಹಾಕಿದ್ದ ಅಂತರರಾಷ್ಟ್ರೀಯ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡ ಮೇಲೆ ಪೈಪೋಟಿ ಬಿರುಸಾಯಿತು. ಬಾಂಗ್ಲಾದೇಶದ ಕೂಲಿಯ ಜೊತೆ ಪೀಣ್ಯದ ಕೂಲಿ ತೂಗತೊಡಗಿತು. ಈ ದಶಕಗಳ ಲಾಭವನ್ನು ಕಡೆಗಣಿಸುವುದು ಅನ್ಯಾಯವಾಗುತ್ತದೆ. ತಿಂಗಳ ಸಂಬಳ, ಇಎಸ್‌ಐ ಚೀಟಿ, ಪಿಎಫ್ ಖಾತೆ, ಸ್ವಂತ ಹೆಸರಿನ ಬ್ಯಾಂಕ್ ಪುಸ್ತಕ, ಬೆಳಗ್ಗೆ ಡಬ್ಬಿ ಹಿಡಿದು ಗೆಳತಿಯರೊಂದಿಗೆ ರಸ್ತೆಯಲ್ಲಿ ನಡೆಯುವ ಸ್ವಾತಂತ್ರ್ಯ ಇವೆಲ್ಲ ಅವರ ತಾಯಂದಿರಿಗೆ ಸಿಕ್ಕಿರಲಿಲ್ಲ. ಗಂಡ ಕುಡಿದು ಬಂದರೂ ಒಲೆ ಹತ್ತುತ್ತದೆ ಎಂಬ ಧೈರ್ಯ ಸಣ್ಣದಲ್ಲ.

ಕಳೆದುಕೊಂಡದ್ದು ಬೇರೆ ಬಗೆಯದು. ಮನೆಯಲ್ಲಿ ಹೊಲಿಯುತ್ತಿದ್ದವಳಿಗೆ ಅಳತೆಯಿಂದ ಕಾಜದವರೆಗೆ ಇಡೀ ಉಡುಪು ಗೊತ್ತಿತ್ತು. ಬಟ್ಟೆ ಹರಡಿ ಚಾಕಿನಲ್ಲಿ ಗುರುತು ಹಾಕಿ ಕತ್ತರಿ ಇಡುವ ಕ್ಷಣದ ಜವಾಬ್ದಾರಿ ಅವಳದೇ. ಕಾರ್ಖಾನೆಯಲ್ಲಿ ಒಂದು ಅಂಗಿ ಹತ್ತಾರು ತುಂಡು ಕೆಲಸಗಳಾಗಿ ಒಡೆದುಹೋಯಿತು. ಒಬ್ಬಳದು ಕಾಲರ್, ಒಬ್ಬಳದು ಕಫ್, ಇನ್ನೊಬ್ಬಳದು ತೋಳು ಕೂಡಿಸುವುದು. ಹತ್ತು ವರ್ಷ ಕೆಲಸ ಮಾಡಿಯೂ ಮಗಳಿಗೊಂದು ಫ್ರಾಕು ಕತ್ತರಿಸಲು ಬಾರದವರು ಅಲ್ಲಿ ಅಪರೂಪವಲ್ಲ. ಅದು ಅವರ ದಡ್ಡತನವಲ್ಲ, ವ್ಯವಸ್ಥೆಯೇ ಹಾಗೆ ಕಟ್ಟಿದ್ದು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು, ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರನ್ನೇ ಕಡಿಮೆ ಮಾಡಿದ ದೇಹಗಳು, ಸೂಪರ್‌ವೈಸರನ ಬಾಯಿ ಇವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಹೇಳುತ್ತಲೇ ಬಂದಿವೆ.

ಈ ಎರಡೂ ಕಥೆಗಳು ಬಂದು ಕೂಡಿದ ವರ್ಷ 2016. ಆ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಬರೆದುಕೊಟ್ಟ ಭರವಸೆಯ ಕಾಲ ಅಧಿಕೃತವಾಗಿ ಮುಗಿಯಿತು. ನಾಲ್ಕು ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 18 ಮತ್ತು 19ರಂದು, ಗಾರ್ಮೆಂಟ್ಸ್‌ನ ಹೆಂಗಸರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತುಂಬಿದರು. ಜಾಲಹಳ್ಳಿ ಕ್ರಾಸಿನಲ್ಲಿ ಆ ದಿನ ಸಿಕ್ಕಿಕೊಂಡವರಿಗೆ ಅದು ಮರೆಯುವಂಥದ್ದಲ್ಲ. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಎಂಬ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ನಾಯಕರಿರಲಿಲ್ಲ. ಆ ಹಣ ಅವರಿಗೆ ಮುಪ್ಪಿನ ನಿಧಿಯಾಗಿರಲಿಲ್ಲ. ಮಗನ ಶಾಲೆಯ ಫೀಜು, ಮನೆಯ ಭೋಗ್ಯ, ಮಗಳ ಮದುವೆ ಆಗಿತ್ತು. 58ರವರೆಗೆ ಆ ಮಿಷನ್ನಿನ ಮುಂದೆ ಕೂರಲು ಯಾರ ಬೆನ್ನಿಗೂ ಆಗದು ಎಂಬುದು ಅವರಿಗೆ ಗೊತ್ತಿತ್ತು, ನಿಯಮ ಮಾಡಿದವರಿಗೆ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರ ಎರಡನೇ ದಿನವೇ ನಿಯಮವನ್ನು ಹಿಂದಕ್ಕೆ ಪಡೆಯಿತು. ಕಲ್ಲು ತೂರಾಟ, ಸುಟ್ಟ ವಾಹನ, ಲಾಠಿ, ಬಂಧನಗಳೂ ಆ ಎರಡು ದಿನಗಳ ಭಾಗವೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಈ ಎಪ್ಪತ್ತು ವರ್ಷಗಳಲ್ಲಿ ಹೊಲಿಯುವ ಹೆಂಗಸರನ್ನು ಊರು ಕಣ್ಣಾರೆ ಕಂಡದ್ದು ಆ ಎರಡು ದಿನ ಮಾತ್ರ. ಅವರು ಗೋಡೆಯಿಂದ ಬೇರ್ಪಟ್ಟು ರಸ್ತೆಯ ನಡುವೆ ನಿಂತಿದ್ದರು.

2020ರ ಮಾರ್ಚಿನ ಲಾಕ್‌ಡೌನ್ ಹೊಲಿಗೆಯನ್ನು ಮತ್ತೆ ಮನೆಯೊಳಕ್ಕೆ ತಳ್ಳಿತು. ಕಾರ್ಖಾನೆ ಬಾಗಿಲು ಹಾಕಿತು, ಅಟ್ಟದ ಮೇಲಿನ ಹಳೆಯ ಮಿಷನ್ ಕೆಳಗಿಳಿಯಿತು, ಮನೆಮನೆಯಲ್ಲಿ ಮಾಸ್ಕ್ ತಯಾರಾಯಿತು. ಕಾರ್ಖಾನೆಗಳು ಮತ್ತೆ ತೆರೆದಾಗ ಎಲ್ಲರೂ ಹಿಂದಿರುಗಲಿಲ್ಲ. ಹಿಂದಿರುಗಿದವರಿಗೂ, 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಏರಿಕೆ ಕೈಸೇರಬೇಕಾದರೆ 2022 ಬರಬೇಕಾಯಿತು. ಈಗ ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ, ಶೆಟ್ಟಿಹಳ್ಳಿ, ಮಲ್ಲಸಂದ್ರದ ಯಾವ ಅಡ್ಡರಸ್ತೆಗೆ ಹೊಕ್ಕರೂ ಗೇಟಿನ ಮೇಲೊಂದು ಕೈಬರಹದ ಬೋರ್ಡು ಸಿಗುತ್ತದೆ: ಬ್ಲೌಸ್, ಫಾಲ್ಸ್, ಜಿಗ್‌ಜ್ಯಾಗ್, ಕುಚ್ಚು. ಕಾಲಲ್ಲಿ ತುಳಿಯುವ ಮಿಷನ್ನಿಗೆ ಮೋಟಾರು ಕೂತಿದೆ, ಅಳತೆ ಬ್ಲೌಸಿನ ಜೊತೆಗೆ ವಾಟ್ಸ್‌ಆ್ಯಪಿನಲ್ಲಿ ಕುತ್ತಿಗೆಯ ಡಿಸೈನಿನ ಫೋಟೊ ಬರುತ್ತದೆ. ‘ಅಕ್ಕಾ, ಶುಕ್ರವಾರ ವರಮಹಾಲಕ್ಷ್ಮಿಗೆ ಬೇಕೇ ಬೇಕು’ ಎಂಬ ಮಾತು ಮಾತ್ರ ಬದಲಾಗಿಲ್ಲ; ಅದರ ಹಿಂದಿನ ಎರಡು ರಾತ್ರಿ ಆ ಅಕ್ಕನ ಮನೆಯ ದೀಪ ಆರುವುದಿಲ್ಲ.

ಸೀರೆಗೆ ಫಾಲ್ಸ್ ಹಚ್ಚುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ದುಡಿಮೆಯ ಸ್ವಭಾವ ತಿಳಿಯುತ್ತದೆ. ಪಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಸೀರೆಯ ಅಂಚು ಸುಕ್ಕಾಗುತ್ತದೆ. ಬಣ್ಣ ಸೀರೆಗೆ ಹೊಂದಬೇಕು, ದಾರ ಎರಡಕ್ಕೂ ಹೊಂದಬೇಕು. ಒಳಬದಿಯಿಂದ ಕೈಹೊಲಿಗೆ ಹಾಕುವಾಗ ಸೂಜಿ ಸೀರೆಯ ಒಂದೆರಡು ಎಳೆಯನ್ನಷ್ಟೇ ಎತ್ತಬೇಕು. ಹೆಚ್ಚು ಎತ್ತಿದರೆ ಹೊರಬದಿಯಲ್ಲಿ ಚುಕ್ಕಿ ಮೂಡುತ್ತದೆ, ಕಡಿಮೆ ಎತ್ತಿದರೆ ನಡೆಯುವಾಗ ಕಿತ್ತುಬರುತ್ತದೆ. ರೇಷ್ಮೆಯ ಮೇಲೆ ಒಮ್ಮೆ ತಪ್ಪು ಬಿದ್ದರೆ ತೂತು ಉಳಿದೇ ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಹೊರಗೆ ಏನೂ ಕಾಣದಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. ಹೊಲಿಗೆ ಕಾಣಬಾರದು, ನಿಜ. ಹೊಲಿದವಳೂ ಕಾಣಬಾರದೆಂದು ಯಾವ ಕಸುಬಿನ ನಿಯಮವೂ ಹೇಳಿಲ್ಲ.

ಕಾನೂನು ಅವಳನ್ನು ಕಂಡಿದೆಯೇ ಎಂದು ಕೇಳಿದರೆ ಉತ್ತರ ಅರ್ಧಂಬರ್ಧ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೇ ಕಾರ್ಮಿಕರೆಂದು ಒಪ್ಪಿಕೊಂಡಿತು. ಮನೆಯಲ್ಲಿ ಕುಳಿತು ಬಟ್ಟೆ ಹೊಲಿಯುವವರಿಗೆ ಅಂಥದೊಂದು ಕಾಯ್ದೆ ಬರಲಿಲ್ಲ. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲೇ ಕುಳಿತು ದುಡಿಯುವವರಿಗಾಗಿ 177ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಮನೆಯಲ್ಲಿದ್ದು ದುಡಿಯುವವರ ವ್ಯಾಖ್ಯೆ ಬಂತು. ವ್ಯಾಖ್ಯೆಯ ಹಿಂದೆ ಕೂಲಿ ಬರಲಿಲ್ಲ. ರಾಜ್ಯದ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಟೇಲರುಗಳಿದ್ದಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಸಲಕರಣೆಗೆಂದು 15,000 ರೂಪಾಯಿಯ ನೆರವಿದೆ. ಚುನಾವಣೆ ಹತ್ತಿರವಾದಾಗ ಶಾಮಿಯಾನದ ಕೆಳಗೆ ಹೊಲಿಗೆ ಯಂತ್ರ ಹಂಚುವುದು ಎಲ್ಲ ಪಕ್ಷಗಳ ಅಚ್ಚುಮೆಚ್ಚಿನ ಕಾರ್ಯಕ್ರಮ. ಇವುಗಳಿಂದ ಉಪಯೋಗವಾಗಿಲ್ಲ ಎನ್ನಲಾಗದು. ಆದರೆ ಏಳು ದಶಕಗಳಿಂದ ನಾವು ಕೊಡುತ್ತಿರುವುದು ಮತ್ತೆ ಮತ್ತೆ ಯಂತ್ರವನ್ನೇ. ಒಂದು ಬ್ಲೌಸಿಗೆ, ಒಂದು ಕುಚ್ಚಿಗೆ ಕನಿಷ್ಠ ಇಷ್ಟು ಕೂಲಿ ಎಂದು ಹೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅಂಗಡಿಯವನು ಸಾವಿರಾರು ರೂಪಾಯಿಗೆ ಮಾರುವ ಸೀರೆಯ ಕುಚ್ಚಿನ ಗಂಟು ಹಾಕಿದವಳ ಪಾಲು ಅಂಗಡಿಯವನ ಮರ್ಜಿಗೇ ಬಿಟ್ಟದ್ದು.

ನೆನಪಿನ ಲೆಕ್ಕವೂ ಹೀಗೆಯೇ ಇದೆ. ಎಚ್‌ಎಂಟಿಗೆ 2019ರಲ್ಲಿ ಇಲ್ಲೇ ಒಂದು ಪಾರಂಪರಿಕ ವಸ್ತುಸಂಗ್ರಹಾಲಯ ಆಯಿತು. ಕೈಗಡಿಯಾರಗಳು ಗಾಜಿನ ಹಿಂದೆ ಸುರಕ್ಷಿತ. ಕಾರ್ಖಾನೆಯ ನೆಲ ಯಾರದು ಎಂಬುದರ ಬಗ್ಗೆ ರಾಜ್ಯದ ಅರಣ್ಯ ಇಲಾಖೆಗೂ ಕೇಂದ್ರಕ್ಕೂ ವಾದ ನಡೆದಿದೆ. ಬೆಂಗಳೂರಿನ ಹೂಮರಗಳಿಗೆ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಸಿಕ್ಕರು. ಕ್ಯಾನ್ವಾಸನ್ನು ಬಯಲಿಗೇ ಒಯ್ದು, ದಪ್ಪ ಬಣ್ಣದಲ್ಲಿ ಅವರು ಬರೆದ ಮರಗಳು, ಕಡಿದುಹೋದ ರಸ್ತೆಗಳ ಏಕೈಕ ಸಾಕ್ಷಿ ಎಂಬಂತೆ ಉಳಿದಿವೆ. ವ್ಯುಯಾರ್ ಕಲಿತ ಪ್ಯಾರಿಸಿನ ಅಕಾದೆಮಿ ಜುಲಿಯಾನ್‌ನಲ್ಲೇ ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರೂ ಕಲಿತು ಬಂದರು, ದುಡಿಯುವ ಜನರನ್ನು ಅಕ್ಕರೆಯಿಂದ ಬರೆದರು. ಇಷ್ಟು ದೊಡ್ಡ ಪರಂಪರೆ ಬೆನ್ನಿಗಿರುವ ನಗರದಲ್ಲಿ ಹೊಲಿಗೆಯ ನಡುಮನೆ ಮಾತ್ರ ಚಿತ್ರಸಂತೆಗೂ ಅಪರೂಪದ ವಸ್ತು. ವ್ಯುಯಾರನ ತಾಯಿಗೆ ಮಗನೇ ಚಿತ್ರಕಾರನಾಗಿದ್ದ. ತನ್ನ ಕಲೆಯ ಹಿಂದೆ ಯಾರ ಸೂಜಿಯಿದೆ ಎಂಬುದು ಅವನಿಗೆ ಗೊತ್ತಿತ್ತು; ಅವರನ್ನು ಚಿತ್ತಾರದಲ್ಲಿ ಕರಗಿಸುತ್ತಲೇ ಲೋಕದ ಮುಂದೆ ಇಟ್ಟ. ಅಮ್ಮನ ಮಿಷನ್ನಿನ ದುಡ್ಡಿನಲ್ಲಿ ಓದಿ ಎಂಜಿನಿಯರ್, ಶಿಕ್ಷಕ, ಪತ್ರಕರ್ತರಾದ ನಾವು ಅಷ್ಟೂ ಮಾಡಲಿಲ್ಲ.

ಒಟ್ಟು ಲೆಕ್ಕ ಹೀಗೆ. ಗಳಿಕೆಯ ಕಡೆ ಹೆಣ್ಣಿನ ಕೈಗೆ ಬಂದ ಸ್ವಂತ ದುಡ್ಡು, ಓದಿದ ಮಕ್ಕಳು, 2016ರಲ್ಲಿ ಸರ್ಕಾರವನ್ನೇ ಮಣಿಸಿದ ಎರಡು ದಿನಗಳಿವೆ. ನಷ್ಟದ ಕಡೆ ಮುಚ್ಚಿದ ಗಡಿಯಾರ ಕಾರ್ಖಾನೆ, ಚೂರುಚೂರಾದ ಕಸುಬು, ಬೆನ್ನು ಮತ್ತು ಕಣ್ಣು ಇವೆ. ಕೊಟ್ಟ ಮಾತಿನ ಕಡೆ ಬಾಕಿ ಉಳಿದದ್ದು ಒಂದೇ: ಈ ದುಡಿಮೆಯನ್ನು ದುಡಿಮೆಯೆಂದು ಎಣಿಸುವುದು. ಅದಕ್ಕೆ ಅವಕಾಶ ದೂರವಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿ, ವಾರ್ಡುಗಳ ಪಟ್ಟಿಗಳು ಹೊಸದಾಗಿ ತಯಾರಾಗಿವೆ. 2027ರ ಜನಗಣತಿಯೂ ಎದುರಿಗಿದೆ. ಮನೆಯೊಳಗಿನ ಉತ್ಪಾದನೆಯನ್ನು ಗೃಹ ಕೈಗಾರಿಕೆಯೆಂದು ಬರೆದುಕೊಳ್ಳುವ ವರ್ಗ ನಮ್ಮ ಜನಗಣತಿಗೆ ಹೊಸದೇನಲ್ಲ. ಗಣತಿದಾರರು ಬಾಗಿಲಲ್ಲಿ ನಿಂತು ‘ಏನು ಕೆಲಸ ಮಾಡ್ತೀರಮ್ಮ’ ಎಂದಾಗ, ಹೆಗಲ ಮೇಲೆ ಅಳತೆಯ ಟೇಪು ಇಳಿಬಿಟ್ಟುಕೊಂಡೇ ‘ಏನಿಲ್ಲ ಸಾರ್, ಮನೇಲೇ ಇದ್ದೀನಿ’ ಎನ್ನುವ ಅಭ್ಯಾಸ ನಮ್ಮ ತಾಯಂದಿರದು; ಗಂಡಸರು ಒಳಗಿನಿಂದ ಕೂಗಿ ಹೇಳುವುದೂ ಅದನ್ನೇ. ಈ ಸಲ ಆ ಉತ್ತರವನ್ನು ಬದಲಿಸುವ ಕೆಲಸ ಸರ್ಕಾರಕ್ಕಿಂತ ಮೊದಲು ಮನೆಯವರದು. ಎಣಿಕೆಗೆ ಸಿಕ್ಕ ಮೇಲೆ ಕೂಲಿಯ ದರ, ವಿಮೆ, ಪಿಂಚಣಿಯ ಪ್ರಶ್ನೆಗಳನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಇಷ್ಟು ಸಲೀಸಾಗದು.